ಹೊಗೆಯ ಬಣ್ಣ ನೋಡಿ, ಆಮೇಲೆ ಗ್ಯಾರೇಜಿಗೆ ಹೋಗಿ

ಈ ವಾರದ ಮಾತು ಸಾಹಿತ್ಯದ್ದಲ್ಲ, ಹೊಗೆಯದ್ದು. ಇಲ್ಲಿ ಬ್ರಿಟನ್ನಿನಲ್ಲಿ ನಿಮ್ಮಲ್ಲಿ ಎಷ್ಟೋ ಜನರಿಗೆ ಮೊದಲ ಕಾರು ಎಂದರೆ ಅಪ್ಪ ವರ್ಷಗಟ್ಟಲೆ ಓಡಿಸಿ ಬಿಟ್ಟುಕೊಟ್ಟ ಡೀಸೆಲ್ ಕಾರು. ಒಂದು ದಿನ ಅದು ಏರು ರಸ್ತೆಯಲ್ಲಿ ಏದುಸಿರು ಬಿಡುತ್ತದೆ, ಹಿಂದೆ ಹೊಗೆ ಕಾಣುತ್ತದೆ. ಊರಿನ ಡ್ರೈವರುಗಳ ಭಾಷೆಯಲ್ಲಿ ‘ಪಿಕಪ್ಪೇ ಇಲ್ಲ’. ಗ್ಯಾರೇಜಿಗೆ ಹೋದರೆ ‘ಟರ್ಬೊ ಹೋಗಿದೆ’ ಎನ್ನುತ್ತಾರೆ, ನೂರಾರು ಪೌಂಡುಗಳ ಲೆಕ್ಕ ಕೊಡುತ್ತಾರೆ. ನಿಜವೂ ಇರಬಹುದು. ಆದರೆ ಹೂಂ ಅನ್ನುವ ಮೊದಲು ಹೊಗೆಯ ಬಣ್ಣ ಯಾವುದು, ಅದು ಯಾವಾಗ ಬರುತ್ತದೆ ಎಂದು ನೀವೇ ನೋಡಿಕೊಳ್ಳಿ. ಕನ್ನಡ ಎಂ.ಎ. ಮಾಡಿದವಳಿಗೆ ಇಂಜಿನ್ನಿನ ಉಸಾಬರಿ ಯಾಕೆ ಎನ್ನಬೇಡಿ. ಅಜ್ಜಿಮನೆಯಲ್ಲಿ ಸೌದೆ ಒಲೆ ಊದಿದವರಿಗೆ ಇದರಲ್ಲಿ ಅರ್ಧ ಗೊತ್ತೇ ಇರುತ್ತದೆ.

ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ, ಆ ಬಿಸಿಗೆ ಡೀಸೆಲ್ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಟರ್ಬೊ ಎಂದರೆ ಊದುಕೊಳವೆ. ಹೊರಹೋಗುವ ಹೊಗೆಯ ರಭಸದಲ್ಲೇ ತಿರುಗಿ, ಒಳಗೆ ಇನ್ನಷ್ಟು ಗಾಳಿ ತುಂಬುತ್ತದೆ. ಗಾಳಿ ಕಡಿಮೆಯಾದರೆ ಒಲೆಯೂ ಸರಿಯಾಗಿ ಉರಿಯದು, ಕಾರೂ ಏರು ಹತ್ತದು.

ಕಪ್ಪು ಹೊಗೆ ಬರುವುದು ಹೀಗೆಯೇ. ಡೀಸೆಲ್ ಹೆಚ್ಚು, ಗಾಳಿ ಕಡಿಮೆ; ಪೂರ್ತಿ ಉರಿಯದ ಇಂಧನ ಮಸಿಯಾಗುತ್ತದೆ. ಆಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ, ಜೊತೆಗೆ ‘ಸುಯ್’ ಎನ್ನುವ ಸದ್ದು ಇದ್ದರೆ ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪಿನ ಮೇಲೆ ನನ್ನ ಮೊದಲ ಅನುಮಾನ. ನಮ್ಮ ಮನೆಯ 2007ರ ಕಾರಿಗೂ ಒಂದು ಗ್ಯಾರೇಜಿನವರು ಹೊಸ ಟರ್ಬೊ ಬೇಕೆಂದಿದ್ದರು. ಇನ್ನೊಬ್ಬ ಮೆಕ್ಯಾನಿಕ್ ಕಾರಿನ ಕೆಳಗೆ ನುಗ್ಗಿ, ಪೈಪಿನ ಅಡಿಭಾಗದಲ್ಲಿ ಬೆರಳುದ್ದದ ಸೀಳು ತೋರಿಸಿದ. ಇಂಜಿನ್ ನಿಂತಿರುವಾಗ ಸೀಳು ಮುಚ್ಚಿಕೊಂಡಿರುತ್ತದೆ, ಒಳಗೆ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಆದ್ದರಿಂದ ಮೇಲಿನಿಂದ ನೋಡಿದರೆ ಸಾಲದು. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಪೈಪನ್ನು ಹಿಸುಕಿ, ತಿರುಗಿಸಿ ನೋಡಬೇಕು. ಹೊರಗೆ ಎಣ್ಣೆಯ ಜಿಡ್ಡು ಹತ್ತಿದ ಜಾಗವೇ ಸುಳಿವು. ಏರ್ ಫಿಲ್ಟರ್ ಕಟ್ಟಿದ್ದರೂ, ಸುಟ್ಟ ಗಾಳಿಯ ಒಂದು ಪಾಲನ್ನು ಮತ್ತೆ ಒಳಗೆ ಬಿಡುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದರೂ, ಇಂಜೆಕ್ಟರ್ ಸೋರಿದರೂ ಇದೇ ಕಪ್ಪು ಹೊಗೆ.

ಸುಮಾರು 2010ರಿಂದ ಈಚಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇರುತ್ತದೆ. ಅಲ್ಲಿ ಪೈಪು ಸೀಳಿದರೂ ಹೊಗೆ ಹೊರಗೆ ಕಾಣದೆ, ಜರಡಿ ಬೇಗ ಬೇಗ ಕಟ್ಟಿಕೊಳ್ಳಬಹುದು. ಕಾಣಿಸಿತೋ, ಜರಡಿ ಒಡೆದಿದೆ ಅಥವಾ ಯಾರೋ ತೆಗೆದಿದ್ದಾರೆ. 2014ರಿಂದ ಡಿಪಿಎಫ್ ಕಿತ್ತ ಕಾರು ಎಂಒಟಿ ಪರೀಕ್ಷೆಯಲ್ಲಿ ಫೇಲ್. 2018ರ ಮೇ ತಿಂಗಳಿಂದ, ಡಿಪಿಎಫ್ ಇರುವ ಕಾರಿನಲ್ಲಿ ಯಾವ ಬಣ್ಣದ ಹೊಗೆ ಕಂಡರೂ ಫೇಲ್. ‘ತೆಗೆದು ಹಾಕಿಬಿಡೋಣ, ಪಿಕಪ್ ಬರುತ್ತೆ’ ಎನ್ನುವ ಸ್ನೇಹಿತರ ಮಾತು ಕೇಳಬೇಡಿ.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಾಣಲೆಯ ಎಣ್ಣೆ ಸೀದಾಗ ಏಳುವ ಹೊಗೆಯನ್ನು ನೆನಪಿಸಿಕೊಳ್ಳಿ. ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆಯೂ ಬಂದರೆ ಡೀಸೆಲ್ ಆಯಿಲಿಗೆ ಇಳಿದಿದೆ ಎಂದರ್ಥ. ಡಿಪಿಎಫ್ ತನ್ನ ಮಸಿಯನ್ನು ಸುಟ್ಟುಕೊಳ್ಳಲು ಹೊರಟಾಗಲೆಲ್ಲ ನೀವು ಮನೆ ಮುಟ್ಟಿ ಇಂಜಿನ್ ಆರಿಸುತ್ತಿದ್ದರೆ ಹೀಗಾಗುತ್ತದೆ. ಆ ಕೆಲಸಕ್ಕೆ 600 ಡಿಗ್ರಿಯ ಹತ್ತಿರದ ಬಿಸಿ ಬೇಕು. ಎರಡು ಮೈಲಿ ದೂರದ ಟೆಸ್ಕೊ ಪ್ರಯಾಣದಲ್ಲಿ ಅದು ಸಿಗದು. ಆಯಿಲ್ ಹೀಗೆ ಏರಿದ್ದರೆ ಬದಲಿಸದೆ ಓಡಿಸಬೇಡಿ.

ಆಯಿಲ್ ಮಟ್ಟ ಇಳಿಯುತ್ತಾ ನೀಲಿ ಹೊಗೆ ಹೆಚ್ಚುತ್ತಿದ್ದರೆ ಟರ್ಬೊದ ಸೀಲು ಅಥವಾ ಇಂಜಿನ್ನಿನ ಪಿಸ್ಟನ್ ರಿಂಗ್ ಸವೆದಿರಬಹುದು. ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗುವುದು ತೆಳುವಾದ ಎಣ್ಣೆಯ ಪೊರೆಯ ಮೇಲೆ. ಆ ಎಣ್ಣೆ ತರುವ ಸಣ್ಣ ಕೊಳವೆ ಕಟ್ಟಿದ್ದರೆ ಹೊಸ ಟರ್ಬೊ ಹಾಕಿಸಿದರೂ ಅದೇ ಗತಿ. ‘ಹಳೆಯದು ಯಾಕೆ ಹೋಯಿತು? ಕೊಳವೆ ಬದಲಿಸುತ್ತೀರಾ?’ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಗ್ಯಾರೇಜು ನೋಡಿ.

ಒಂದು ಅಪಾಯ ಹೇಳಲೇಬೇಕು. ಸೀಲು ಪೂರ್ತಿ ಹೋದರೆ ಇಂಜಿನ್ ತನ್ನದೇ ಆಯಿಲ್ ಕುಡಿದು, ಕೀ ತೆಗೆದರೂ ನಿಲ್ಲದೆ ಅರಚುತ್ತಾ ವೇಗ ಏರಿಸಿಕೊಳ್ಳುತ್ತದೆ. ಗೇರಿನ ಕಾರಾದರೆ ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಇಂಜಿನ್ ಉಸಿರುಗಟ್ಟಿಸಿ. ಆಗದಿದ್ದರೆ ಇಳಿದು ದೂರ ಹೋಗಿ. ಬಾನೆಟ್ ತೆರೆಯಲು ಮಾತ್ರ ಹೋಗಬೇಡಿ.

ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ಬಂದು ತಕ್ಷಣ ಕರಗುವ ಬಿಳಿ ಬರೀ ಆವಿ. ಕಣ್ಣುರಿಸುವ ಡೀಸೆಲ್ ವಾಸನೆಯ ಬಿಳಿ ಹೊಗೆ, ನಡುಗುವ ಇಂಜಿನ್, ಕೆಲ ನಿಮಿಷದಲ್ಲಿ ಎಲ್ಲ ಸರಿ. ಹೀಗಿದ್ದರೆ ಗ್ಲೋ ಪ್ಲಗ್ ನೋಡಿಸಿ. ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆಯ ಜೊತೆ ಕೂಲೆಂಟ್ ಇಳಿಯುತ್ತಿದ್ದರೆ ಓಡಿಸುವುದನ್ನೇ ನಿಲ್ಲಿಸಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಹೊಗೆಯೇ ಇಲ್ಲದೆ ಪಿಕಪ್ ಹೋದರೆ ಡೀಸೆಲ್ ಫಿಲ್ಟರ್, ಡಿಪಿಎಫ್ ಎರಡನ್ನೂ ನೋಡಿಸಿ. ಇಂಜಿನ್ ಆರಿಸಿ ಮತ್ತೆ ಹಚ್ಚಿದಾಗ ಶಕ್ತಿ ಮರಳಿದರೆ, ಕಂಪ್ಯೂಟರೇ ಇಂಜಿನ್ನನ್ನು ಕಾಪಾಡಲು ಕಡಿವಾಣ ಹಾಕಿತ್ತು ಎಂದರ್ಥ. ಅದರ ಕೋಡು ಓದುವ ಸಣ್ಣ ಉಪಕರಣ ಅಗ್ಗಕ್ಕೆ ಸಿಗುತ್ತದೆ, ಒಂದನ್ನು ಇಟ್ಟುಕೊಳ್ಳಿ. ಆದರೆ ಕೋಡಿನಲ್ಲಿ ಇರುವುದು ದೂರು ಕೊಟ್ಟವನ ಹೆಸರು, ಕಳ್ಳನದಲ್ಲ. ‘ಟರ್ಬೊ ಒತ್ತಡ ಕಡಿಮೆ’ ಎಂದು ಬಂದಾಗ ತಪ್ಪು ಆ ಸೀಳಿದ ಪೈಪಿನದೂ ಆಗಿರಬಹುದು.

ಗ್ಯಾರೇಜಿಗೆ ಹೋಗುವಾಗ ಬಣ್ಣ, ವಾಸನೆ, ಹೊಗೆ ಬಂದ ಹೊತ್ತು, ಡಿಪ್‌ಸ್ಟಿಕ್ ಮಟ್ಟ, ಕೋಡು ಎಲ್ಲವನ್ನೂ ಬರೆದುಕೊಂಡು ಹೋಗಿ. ಟರ್ಬೊ ಬಿಚ್ಚುವ ಮೊದಲು ಗಾಳಿಯ ಪೈಪುಗಳಿಗೆ ಸ್ಮೋಕ್ ಟೆಸ್ಟ್ ಮಾಡಿ ಎಂದು ಕೇಳಿ. ಅವರು ಯಂತ್ರದಿಂದ ಪೈಪಿನೊಳಗೆ ಹೊಗೆ ಊದುತ್ತಾರೆ; ಅದು ಎಲ್ಲಿ ಹೊರಬರುತ್ತದೋ ಅಲ್ಲೇ ತೂತು.