ಮರದ ಬಟ್ಟಲು, ಟ್ರೇ ತಯಾರಿಕೆ: ರೌಟರ್ ಬಿಟ್‌ಗಳ ಆಯ್ಕೆ ಮತ್ತು ಬಳಕೆ

ಮಲೆನಾಡಿನ ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ಉಪ್ಪಿನ ಮರಿಗೆಗೆ ಒಂದು ಖಾಯಂ ಸ್ಥಾನವಿತ್ತು. ಒಂದೇ ತುಂಡು ಮರವನ್ನು ಬಾಚಿ ಮತ್ತು ಉಳಿಗಳಿಂದ ಕೊರೆದು ತಯಾರಿಸುತ್ತಿದ್ದ ಈ ಪಾತ್ರೆ ಸ್ಟೀಲು, ಪ್ಲಾಸ್ಟಿಕ್ಕುಗಳ ಮುಂದೆ ಮೂಲೆ ಸೇರಿತು. ಈಗ ಹೋಂಸ್ಟೇಗಳು, ಹೋಟೆಲುಗಳು ಮತ್ತು ಉಡುಗೊರೆ ಅಂಗಡಿಗಳಿಂದಾಗಿ ಮರದ ಬಟ್ಟಲು, ಟ್ರೇಗಳಿಗೆ ಮತ್ತೆ ಗಿರಾಕಿಗಳಿದ್ದಾರೆ. ಹಳದಿ ಎಲೆ ರೋಗದಿಂದ ಅಡಿಕೆಯ ಆದಾಯ ಕುಸಿದಿರುವ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಸಣ್ಣ ಮರಗೆಲಸ ಘಟಕಗಳಿಗೆ ಇದೊಂದು ಪರ್ಯಾಯ ಮಾರ್ಗವಾಗಬಲ್ಲದು.

ಆದರೆ ಮರ ಎಲ್ಲಿಂದ ಬರಬೇಕು? ಕೆರೆಕಟ್ಟೆಯ ಸುತ್ತಲಿನ ಕಾಡು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅಲ್ಲಿನ ಒಂದು ಕಡ್ಡಿಯನ್ನೂ ಉದ್ಯಮದ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಉಳಿದಿರುವುದು ತೋಟದ ಮರ. ಕಾಫಿತೋಟದಲ್ಲಿ ನೆರಳಿಗಾಗಿ ಬೆಳೆಸಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್, ಹಿತ್ತಲಿನ ಹಲಸು ಮತ್ತು ಮಾವು ಇವೇ ಮುಖ್ಯವಾದವು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನುಮತಿಯ ನಿಯಮದಿಂದ ಸಿಲ್ವರ್ ಓಕ್‌ಗೆ ವಿನಾಯಿತಿ ಇರುವುದು ಸಣ್ಣ ಘಟಕಗಳಿಗೆ ದೊಡ್ಡ ಅನುಕೂಲ. ಪ್ಲೈವುಡ್ ಮತ್ತು ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಹೋಗುವ ಈ ಮರದಲ್ಲಿ ಸುಂದರವಾದ ಚುಕ್ಕೆಗೆರೆಗಳಿವೆ ಎಂಬುದು ತಟ್ಟೆಯಾಗಿ ಕೊರೆದಾಗಲೇ ತಿಳಿಯುವುದು.

ಚನ್ನಪಟ್ಟಣದ ಕಡಸಲು ಕೆಲಸದಲ್ಲಿ ಮರ ತಿರುಗುತ್ತದೆ, ಉಳಿ ನಿಲ್ಲುತ್ತದೆ. ಆದ್ದರಿಂದ ಅಲ್ಲಿ ದುಂಡು ವಸ್ತುಗಳೇ ಹೆಚ್ಚು. ರೌಟರ್‌ನಲ್ಲಿ ಮರ ನಿಂತಿದ್ದು ಬಿಟ್ ತಿರುಗುವುದರಿಂದ ಚೌಕ, ಅಂಡಾಕಾರ, ಎಲೆಯಾಕಾರ ಯಾವುದನ್ನಾದರೂ ಕೊರೆಯಬಹುದು.

ಯಾವ ಬಿಟ್?

ನೇರ ಬಿಟ್‌ನಿಂದ ಕೊರೆದ ಟ್ರೇಯ ಒಳಮೂಲೆ ಚೂಪಾಗಿ ಉಳಿದು ಕೊಳೆ ಸೇರುತ್ತದೆ. ಗೋಳಾಕಾರದ ತುದಿಯ ಬಿಟ್ ತಳದಲ್ಲಿ ಉಳುಮೆಯ ಸಾಲುಗಳಂತಹ ಗೆರೆಗಳನ್ನು ಬಿಡುತ್ತದೆ. ಅದನ್ನು ಉಜ್ಜಿ ಸಮ ಮಾಡುವ ಕೂಲಿಯಲ್ಲೇ ಲಾಭ ಕರಗುತ್ತದೆ. ಈ ಕೆಲಸಕ್ಕೆಂದೇ ಇರುವ 'ಬೌಲ್ ಅಂಡ್ ಟ್ರೇ' ಬಿಟ್‌ನ ತಳ ಚಪ್ಪಟೆಯಾಗಿದ್ದು ಅಂಚು ಮಾತ್ರ ದುಂಡಾಗಿರುತ್ತದೆ. ಅಂಚಿನ ತ್ರಿಜ್ಯ ಕಾಲು ಇಂಚು, ವ್ಯಾಸ ಮುಕ್ಕಾಲು ಅಥವಾ ಒಂದೂಕಾಲು ಇಂಚು ಇರುವವು ಸಾಮಾನ್ಯ. ಕತ್ತರಿಸುವ ಭಾಗದ ಮೇಲೆ ಅಷ್ಟೇ ವ್ಯಾಸದ ಬೇರಿಂಗ್ ಇದ್ದು, ಅದು ಅಚ್ಚುಹಲಗೆಯ ಒಳಅಂಚನ್ನು ಅನುಸರಿಸಿ ಓಡುತ್ತದೆ.

ಖರೀದಿಯಲ್ಲಿ ಹೆಚ್ಚು ಎಚ್ಚರ ಬೇಕಾದುದು ಬಿಟ್‌ನ ಶ್ಯಾಂಕ್ ವಿಷಯದಲ್ಲಿ. ನಮ್ಮ ಮಾರುಕಟ್ಟೆಯಲ್ಲಿ 6 ಮಿ.ಮೀ. ಮತ್ತು ಕಾಲು ಇಂಚಿನ (6.35 ಮಿ.ಮೀ.), ಹಾಗೆಯೇ 12 ಮಿ.ಮೀ. ಮತ್ತು ಅರ್ಧ ಇಂಚಿನ (12.7 ಮಿ.ಮೀ.) ಬಿಟ್‌ಗಳು ಒಂದೇ ಕಪಾಟಿನಲ್ಲಿರುತ್ತವೆ. ಕಾಲು ಇಂಚಿನ ಕಾಲೆಟ್‌ಗೆ 6 ಮಿ.ಮೀ. ಶ್ಯಾಂಕ್ ಹಾಕಿ ಬಿಗಿದರೆ ಹಿಡಿದಂತೆ ಕಾಣುತ್ತದೆ. ಕೆಲಸದ ನಡುವೆ ಜಾರಿ ಕೆಳಗಿಳಿದು ಟ್ರೇಯ ತಳವನ್ನು ತೂತು ಮಾಡುತ್ತದೆ, ಇಲ್ಲವೇ ಹಾರಿ ಕೈಗೆ ಬೀಳುತ್ತದೆ. ಕಾಲು ಇಂಚಿಗಿಂತ ಅರ್ಧ ಇಂಚಿನ ಶ್ಯಾಂಕ್ ಬಾಗುವಿಕೆಯನ್ನು ತಡೆಯುವುದರಲ್ಲಿ 16 ಪಟ್ಟು ಬಲಶಾಲಿ. ನಿತ್ಯ ಉತ್ಪಾದನೆಗೆ ಅರ್ಧ ಇಂಚಿನ ಯಂತ್ರವೇ ಸೂಕ್ತ; ಅಂಗೈಯಲ್ಲಿ ಹಿಡಿಯುವ ಚಿಕ್ಕ ಟ್ರಿಮ್ಮರ್ ಅಂಚು ತೀಡುವುದಕ್ಕಷ್ಟೇ ಇರಲಿ.

ಶ್ಯಾಂಕನ್ನು ಕಾಲೆಟ್‌ನ ತಳ ಮುಟ್ಟಿಸಿ ಬಿಗಿಯಬಾರದು. ಪೂರ್ತಿ ಇಳಿಸಿ, 2–3 ಮಿ.ಮೀ. ಹಿಂದಕ್ಕೆಳೆದು ಬಿಗಿಯಬೇಕು.

ಅಚ್ಚುಹಲಗೆಯ ಲೆಕ್ಕ

ಹೊಸಬರು ಎಡವುವುದು ಇಲ್ಲಿ. ಒಂದು ಬಾರಿಗೆ ಬಡಗಿಗಳ ಒಂದು ನೂಲು, ಅಂದರೆ ಸುಮಾರು 3 ಮಿ.ಮೀ. ಆಳಕ್ಕಿಂತ ಹೆಚ್ಚು ಕೊರೆಯಬಾರದು. ಬಿಟ್‌ನ ಕತ್ತರಿಸುವ ಭಾಗದ ಎತ್ತರ 16 ಮಿ.ಮೀ. ಇದ್ದರೆ ಮೊದಲ ಸುತ್ತಿನಲ್ಲಿ 3 ಮಿ.ಮೀ. ಮರದೊಳಗೆ, 13 ಮಿ.ಮೀ. ಅಚ್ಚುಹಲಗೆಯ ಮಟ್ಟದಲ್ಲಿರುತ್ತದೆ, ಬೇರಿಂಗ್ ಅದರ ಮೇಲೆ. ಹಲಗೆ 12 ಮಿ.ಮೀ. ಆಗಿದ್ದರೆ ಬೇರಿಂಗ್‌ಗೆ ಆಧಾರವೇ ಸಿಗದೆ ಬಿಟ್ ಅಚ್ಚನ್ನೇ ಕತ್ತರಿಸುತ್ತದೆ. ಆದ್ದರಿಂದ 18 ಮಿ.ಮೀ. ಅಥವಾ ಅದಕ್ಕಿಂತ ದಪ್ಪನೆಯ ಎಂ.ಡಿ.ಎಫ್. ಹಲಗೆ ಬೇಕು, ಇಲ್ಲವೇ ಗಿಡ್ಡ ಬಿಟ್ ಆರಿಸಬೇಕು. ಆಳ ಹೆಚ್ಚಿದಂತೆ ಬೇರಿಂಗ್ ಅಚ್ಚನ್ನು ದಾಟಿ, ಆಗಲೇ ಕೊರೆದ ಗೋಡೆಯ ಮೇಲೆ ಓಡುತ್ತದೆ. ಮೊದಲ ಸುತ್ತಿನ ಒರಟು ಕೊನೆಯ ಸುತ್ತಿನವರೆಗೂ ಹಾಗೆಯೇ ಉಳಿಯುವುದು ಇದೇ ಕಾರಣಕ್ಕೆ.

ನಡುವಿನ ಮರವನ್ನೆಲ್ಲ ರೌಟರ್‌ನಿಂದಲೇ ತೆಗೆಯುವುದು ದುಬಾರಿ. ಫಾರ್ಸ್ಟ್ನರ್ ಬಿಟ್‌ನಿಂದ ಡ್ರಿಲ್ ಮಾಡಿ, ತಳದಲ್ಲಿ ಒಂದು ನೂಲು ಬಿಟ್ಟು ಉಳಿದುದನ್ನು ತೆಗೆದರೆ ಕಾರ್ಬೈಡ್ ಅಂಚು ಬಹುಕಾಲ ಬಾಳುತ್ತದೆ. ಟ್ರೇ ಅಗಲವಾಗಿದ್ದರೆ ರೌಟರ್‌ನ ಅಡಿತಟ್ಟೆ ಗುಳಿಯೊಳಗೆ ವಾಲುತ್ತದೆ. ಗುಳಿಯ ಎರಡೂ ದಡ ಮುಟ್ಟುವಷ್ಟು ಅಗಲದ ಅಕ್ರಿಲಿಕ್ ತಟ್ಟೆಯನ್ನು ಜೋಡಿಸಿಕೊಳ್ಳುವುದು ಅಗತ್ಯ. ಒಳಅಂಚಿನಲ್ಲಿ ಯಂತ್ರ ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗಬೇಕು. ಅಪ್ರದಕ್ಷಿಣೆಯಲ್ಲಿ ನಡೆಸಿದರೆ ಬಿಟ್ ಯಂತ್ರವನ್ನೇ ಮುಂದಕ್ಕೆಳೆದು ಹತೋಟಿ ತಪ್ಪುತ್ತದೆ.

ವೇಗದ ಬಗ್ಗೆಯೂ ಒಂದು ಮಾತು. ನಿಮಿಷಕ್ಕೆ 22,000 ಸುತ್ತಿನಲ್ಲಿ 19 ಮಿ.ಮೀ. ಬಿಟ್‌ನ ಅಂಚು ಸೆಕೆಂಡಿಗೆ ಸುಮಾರು 22 ಮೀಟರ್ ಚಲಿಸಿದರೆ, 32 ಮಿ.ಮೀ. ಬಿಟ್‌ನ ಅಂಚು ಸುಮಾರು 37 ಮೀಟರ್ ಚಲಿಸುತ್ತದೆ. ದೊಡ್ಡ ಬಿಟ್‌ಗೆ ವೇಗವನ್ನು 18,000ದ ಆಸುಪಾಸಿಗೆ ಇಳಿಸುವುದು ಒಳಿತು. ಮೂಲೆಯಲ್ಲಿ ಕೈ ನಿಂತರೆ ಮರ ಸುಟ್ಟು ಕಪ್ಪಾಗುತ್ತದೆ. ಕೊನೆಯ ಸುತ್ತಿನಲ್ಲಿ ಅರ್ಧ ಮಿ.ಮೀ. ಮಾತ್ರ ತೆಗೆದರೆ ಉಜ್ಜುಕಾಗದದ ಖರ್ಚೂ ಉಳಿಯುತ್ತದೆ.

ಮಲೆನಾಡಿನ ಮಳೆಗೆ ಹಸಿಮರ ಬೇಗ ಒಣಗದು. ಹಲಗೆಯ ಒಂದೇ ಮುಖವನ್ನು ಕೊರೆದಾಗ ಒಳಗಿನ ಸೆಳೆತ ಬಿಡುಗಡೆಯಾಗಿ ತಳ ಡೊಂಕಾಗುವುದುಂಟು. ಒರಟಾಗಿ ಕೊರೆದು, 3 ಮಿ.ಮೀ. ಹೆಚ್ಚು ಉಳಿಸಿ, ಎರಡು ವಾರ ಗಾಳಿಯಾಡುವಂತೆ ಪೇರಿಸಿಟ್ಟು ನಂತರ ಮುಗಿಸುವವರ ಸರಕು ಅಂಗಡಿಯಿಂದ ಹಿಂದಿರುಗುವುದು ಕಡಿಮೆ. ತೇವಾಂಶ ಶೇ. 10ರಿಂದ 12ಕ್ಕೆ ಇಳಿದಿರಬೇಕು. ತೇವಮಾಪಕ ಕೊಳ್ಳುವ ಹಣವನ್ನು ದಂಡ ಎಂದು ತಿಳಿಯುವುದು ಸರಿಯಲ್ಲ.

ಧೂಳಿನ ವಿಚಾರವನ್ನು ಘಟಕಗಳು ಹಗುರವಾಗಿ ತೆಗೆದುಕೊಂಡಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಸಿಲ್ವರ್ ಓಕ್ ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ. ಧೂಳು ಹೀರುವ ಯಂತ್ರ, ಮುಖಗವಸು ಎರಡೂ ಇರಬೇಕು.

ಬೀಟೆಯ ಬಟ್ಟಲಿಗೆ ಹೊರದೇಶಗಳಲ್ಲಿ ಬೆಲೆ ಇದೆಯಾದರೂ ದಾಖಲೆಯಿಲ್ಲದ ಮರವನ್ನು ಮುಟ್ಟಬಾರದು. 2017ರ ಜನವರಿ 2ರಿಂದ ಬೀಟೆ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ರಫ್ತುದಾರರು ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ನೀಡುವ 'ವೃಕ್ಷ್' ಪ್ರಮಾಣಪತ್ರದ ಬಗ್ಗೆ ಬೇಡಿಕೆ ಒಪ್ಪುವ ಮೊದಲೇ ವಿಚಾರಿಸಿಕೊಳ್ಳಬೇಕು. ಯಾವುದೇ ಮರದ ಸರಕನ್ನು ಹಸಿ ಹಲಗೆಯ ಪೆಟ್ಟಿಗೆಯಲ್ಲಿ ಕಳುಹಿಸುವುದಾದರೆ, ಆ ಪೆಟ್ಟಿಗೆಯ ಮರಕ್ಕೆ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷಗಳ ಶಾಖೋಪಚಾರ ನೀಡುವಂತಹ ಮಾನ್ಯ ಸಂಸ್ಕರಣೆಯಾಗಿ, ಮುದ್ರೆ ಬಿದ್ದಿರಬೇಕು.