ಬೆಳಕಿನ ವೇಗಕ್ಕೆ ಬಿಸಿಯ ಕಡಿವಾಣ

ಯಡಿಯೂರು ಕೆರೆಯ ಸುತ್ತಮುತ್ತಲ ಅನೇಕ ಮನೆಗಳಿಗೆ ಈಗ ಇಂಟರ್‌ನೆಟ್ ಬರುವುದು ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯಲ್ಲಿ. ಆ ಎಳೆ ಬಂದು ಸೇರುವ ಪುಟ್ಟ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಇದಕ್ಕೆ ಕಾರಣ ಬೆಳಕಲ್ಲ. ಅದರ ಶಕ್ತಿ ಕೆಲವೇ ಮಿಲಿವಾಟ್. ಬಿಸಿಯಾಗುವುದು ಒಳಗಿನ ಚಿಪ್‌ಗಳು. ಪೆಟ್ಟಿಗೆ 10 ವಾಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ, ಹಗಲೂ ರಾತ್ರಿ ನಡೆದು ವರ್ಷಕ್ಕೆ 87 ಯೂನಿಟ್ ದಾಟುತ್ತದೆ!

ಚಿಪ್‌ಗೇಕೆ ಇಷ್ಟು ಶ್ರಮ? ಸೆಕೆಂಡಿಗೆ 1,000 ಕೋಟಿ ಬಿಟ್‌ಗಳು ಬರುತ್ತಿದ್ದರೆ ಒಂದೊಂದು ಬಿಟ್‌ನ ಆಯುಷ್ಯ 100 ಪಿಕೋಸೆಕೆಂಡ್. ಅಷ್ಟರಲ್ಲಿ ಗಾಜಿನೊಳಗೆ ಬೆಳಕು ಸಾಗುವುದು ಕೇವಲ 2 ಸೆಂಟಿಮೀಟರ್. ಬಿದ್ದ ಬೆಳಕನ್ನು ಫೋಟೋಡಯೋಡ್ ವಿದ್ಯುತ್ತಾಗಿಸುತ್ತದೆ. 10 ಮೈಕ್ರೋಆಂಪಿಯರ್ ಬಂತೆನ್ನಿ. ಅದನ್ನು 5,000 ಓಮ್ ರೋಧಕದಲ್ಲಿ ಹರಿಸಿದರೆ ಓಮ್‌ನ ನಿಯಮದಂತೆ 50 ಮಿಲಿವೋಲ್ಟ್ ಸಿಗುತ್ತದೆ. ಆದರೆ ಡಯೋಡಿಗೆ ತನ್ನದೇ ಕೆಪಾಸಿಟೆನ್ಸ್ ಇದೆಯಲ್ಲ! ಅದು 0.1 ಪಿಕೋಫ್ಯಾರಡ್ ಇದ್ದರೂ, ರೋಧದಿಂದ ಗುಣಿಸಿದಾಗ 500 ಪಿಕೋಸೆಕೆಂಡ್ ಆಗುತ್ತದೆ. ಒಂದು ಬಿಟ್ ಮುಗಿಯುವ ಮೊದಲೇ ಮುಂದಿನ ನಾಲ್ಕು ಬಂದು ಮೈಮೇಲೆ ಬೀಳುತ್ತವೆ. ರೋಧವನ್ನು ತಗ್ಗಿಸೋಣವೆಂದರೆ ಸಂಕೇತವೇ ಗದ್ದಲದಲ್ಲಿ ಮುಳುಗುತ್ತದೆ.

ಹೀಗಾಗಿ ಎಂಜಿನಿಯರುಗಳು ರೋಧಕವನ್ನು ಒಂದು ಆಂಪ್ಲಿಫೈಯರಿನ ಹಿಂದುಮುಂದಾಗಿ ಜೋಡಿಸುತ್ತಾರೆ. ಆಂಪ್ಲಿಫೈಯರ್ 20 ಪಟ್ಟು ವರ್ಧಿಸಿದರೆ ಡಯೋಡಿನ ಕಣ್ಣಿಗೆ ರೋಧ 21ರಲ್ಲಿ ಒಂದು ಪಾಲಾಗಿ ಕಾಣುತ್ತದೆ. ಕಾಲ 24 ಪಿಕೋಸೆಕೆಂಡಿಗೆ ಇಳಿಯುತ್ತದೆ. ವೇಗ ಸಿಕ್ಕಿತು. ಆದರೆ ಅಷ್ಟು ಚುರುಕಾಗಿ ವರ್ಧಿಸಲು ಟ್ರಾನ್ಸಿಸ್ಟರುಗಳಿಗೆ ಸದಾ ವಿದ್ಯುತ್ತು ಉಣಿಸಬೇಕು. ಬಿಸಿ ಹುಟ್ಟುವುದು ಹೀಗೆ.

ಮುಂದಿನ ಡಿಜಿಟಲ್ ಭಾಗದ ಖರ್ಚು ಬೇರೆ ಬಗೆಯದು. ಅಲ್ಲಿ ಪ್ರತಿ ಬದಲಾವಣೆಗೂ ಪುಟ್ಟ ಕೊಡಗಳನ್ನು ತುಂಬಿ ಚೆಲ್ಲಿದಂತೆ ವಿದ್ಯುದಾವೇಶ ವ್ಯಯವಾಗುತ್ತದೆ. ಈ ಖರ್ಚು ವೋಲ್ಟೇಜಿನ ವರ್ಗಕ್ಕೆ ಅನುಪಾತವಾಗಿರುವುದೇ ನಮ್ಮ ಪುಣ್ಯ. 5 ವೋಲ್ಟನ್ನು 1ಕ್ಕೆ ಇಳಿಸಿದರೆ ಉಳಿಯುವುದು 25ರಲ್ಲಿ ಒಂದು ಪಾಲು ಮಾತ್ರ.

ಚಿಪ್ ವಿನ್ಯಾಸ ಬೆಂಗಳೂರಿಗೆ ಹೊಸದಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು 1985ರಲ್ಲಿ. ಬೆಳಕಿನ ಸಂಪರ್ಕದ ಉಪಕರಣಗಳನ್ನು ಮಾಡುವ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಇಲ್ಲೇ ಆರಂಭವಾಯಿತು. ಸ್ಥಾಪಕರಲ್ಲಿ ಒಬ್ಬರಾದ ಕುಮಾರ್ ಶಿವರಾಜನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಆದರೂ ಮಗ ಎಲೆಕ್ಟ್ರಾನಿಕ್ಸ್ ಓದುತ್ತೇನೆಂದರೆ ಎಷ್ಟೋ ತಂದೆತಾಯಂದಿರ ಮುಖ ಸಪ್ಪಗಾಗುತ್ತದೆ, ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿಲ್ಲವಲ್ಲ ಎಂದು. ಮೇಲಿನ ಲೆಕ್ಕಗಳಿಗೆ ಬೇಕಾದ ಅಡಿಪಾಯವೆಲ್ಲ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. (‘ಇದು ಇಂಪಾರ್ಟೆಂಟ್ ಅಲ್ಲ’ ಎಂದು ಹಾರಿಸುವ ಕೆಪಾಸಿಟರ್ ಪಾಠವೂ ಸೇರಿ!)

ದೊಡ್ಡ ಡೇಟಾ ಕೇಂದ್ರಗಳಲ್ಲಿ ಬೆರಳುದ್ದದ ಒಂದು ದ್ಯುತಿ ಘಟಕ ಸೆಕೆಂಡಿಗೆ 40,000 ಕೋಟಿ ಬಿಟ್ ಸಾಗಿಸಲು ಸುಮಾರು 12 ವಾಟ್ ನುಂಗುತ್ತದೆ. ಭಾಗಿಸಿದರೆ ಬಿಟ್‌ಗೆ 30 ಪಿಕೋಜೌಲ್. ಇಂಥ 32 ಘಟಕಗಳನ್ನು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದಾಗ ಅವುಗಳ ಬಿಸಿಯೇ 384 ವಾಟ್. ತಂಪು ಮಾಡುವ ಫ್ಯಾನಿನ ಖರ್ಚು ಬೇರೆ. ಆ 30ನ್ನು ಒಂದಂಕಿಗೆ ಇಳಿಸಲು ಈಗ ದೊಡ್ಡ ಪೈಪೋಟಿ. ಅದಕ್ಕಾಗಿ ಬೆಳಕಿನ ಭಾಗವನ್ನು ಮುಖ್ಯ ಚಿಪ್ಪಿನ ಮಗ್ಗುಲಿಗೇ ತಂದು ಕೂರಿಸುತ್ತಿದ್ದಾರೆ, ನಡುವಿನ ತಾಮ್ರದ ದಾರಿ ಕೆಲವೇ ಮಿಲಿಮೀಟರಿಗೆ ಮುಗಿಯಲೆಂದು.