ಒಂದೇ ರೈಫಲ್ಲು, ಚಿಗರಿಗೂ ಹಂದಿಗೂ?

ನಮ್ಮ ಸಂಘದ ಸಭೆ ಅಂದ್ರ ಹೆಚ್ಚಾಗಿ ಶಹಾಬಜಾರದಾಗ ಯಾರದೋ ರೂಮಿನೊಳಗೆ ಚಹಾ ಕುಡಿಯುತ್ತ ಆಗುವಂಥದ್ದು. ಹಂಗೇ ಒಂದಿನ ಕೂತಾಗ ಕಮಲಾಪುರ ಕಡೆಯ ನಮ್ಮ ಜೂನಿಯರ್ ಒಬ್ಬ ಮೊಬೈಲಿನ್ಯಾಗ ಅಮೆರಿಕದ ವಿಡಿಯೊ ಒಂದನ್ನು ತೋರಿಸಿದ. ಜಿಂಕೆಗೂ ಆಗಬೇಕು, ಬೆಳೆ ಹಾಳು ಮಾಡುವ ಬೇರೆ ಪ್ರಾಣಿಗಳಿಗೂ ಆಗಬೇಕು, ಅಂಥ ಬೋಲ್ಟ್ ಆ್ಯಕ್ಷನ್ ರೈಫಲ್ ಯಾವುದು ಅಂತ ಅದರಾಗ ಒಬ್ಬಾತ ಅರ್ಧ ತಾಸು ಹೇಳುತ್ತಾನೆ.

"ಅಣ್ಣಾ, ನಮ್ಮಪ್ಪ ಕೇಳ್ಯಾರ. ಹಗಲಿ ಚಿಗರಿ ಬಂದು ತೊಗರಿ ಎಳಿ ಸಸಿ ತಿಂತಾವ, ರಾತ್ರಿ ಹಂದಿ ಬರ್ತಾವ. ಇಂಥಾದೊಂದು ತಗೊಂಡ್ರ ಹೆಂಗ? ನೀವು ಮೆಕ್ಯಾನಿಕಲ್‌ನವರು, ಹೇಳ್ರಿ" ಅಂದ.

ಮೊದಲು ನಕ್ಕೆವು. ಆಮೇಲೆ ಅವ ಈ ವರ್ಷ ಮೂರು ಎಕರೆದಾಗ ಎರಡು ಸಲ ಬಿತ್ತಬೇಕಾಯ್ತು ಅಂದ. ಬೀಜದ ಸಾಲ ಹಂಗೇ ಇದೆ, ಮುಂದಿನ ಸೆಮಿಸ್ಟರ್ ಫೀ ಕಟ್ಟೋದೂ ಇದೇ ತೊಗರಿಯಿಂದ. ನಗು ನಿಂತಿತು. ಒಂದು ವಾರ ಓದಿ, ಲೆಕ್ಕ ಹಾಕಿ, ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಯಂತ್ರದ ಮಾತು. ಬೋಲ್ಟ್ ಆ್ಯಕ್ಷನ್ ಅಂದ್ರ ನಮ್ಮ ಹಳೇ ಮನೆಗಳ ಬಾಗಿಲ ಚಿಲಕ ಇದ್ದಂಗ. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಖಾಲಿ ಕೇಸು ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಮ್ಯಾಗಝಿನ್‌ನಿಂದ ಹೊಸ ಕಾರ್ಟ್ರಿಜ್ ಬ್ಯಾರೆಲ್ಲಿನ ಬಾಯಿಗೆ ಹೋಗಿ ಕೂಡುತ್ತದೆ. ಹಿಡಿ ಕೆಳಗೆ ಒತ್ತಿದಾಗ ಬೋಲ್ಟಿನ ಕಿವಿಗಳು, ಅಂದ್ರ ಲಗ್ಗುಗಳು, ತಿರುಗಿ ರಿಸೀವರಿನ ಗಾಡಿಯೊಳಗೆ ಸಿಕ್ಕಿಕೊಳ್ಳುತ್ತವೆ. ಇಷ್ಟೇ. ಸ್ಪ್ರಿಂಗು, ಗ್ಯಾಸು ಏನೂ ತಾನಾಗೇ ಬೋಲ್ಟ್ ತೆಗೆಯುವುದಿಲ್ಲ, ಪ್ರತಿ ಸಲ ಕೈಯೇ ತೆಗೆಯಬೇಕು. ಅದಕ್ಕೇ ಇದು ಸರಳ, ಗಟ್ಟಿ, ಗುರಿಯೂ ನಿಖರ.

ಆ ಎರಡು ಕಿವಿಗಳ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಲೆಕ್ಕ ಹಾಕಿ ನಾವೇ ದಂಗಾದೆವು. .308 ವಿಂಚೆಸ್ಟರ್ ಕಾರ್ಟ್ರಿಜ್ಜಿನ ಒಳಗಿನ ಗರಿಷ್ಠ ಒತ್ತಡ ಸುಮಾರು 415 ಮೆಗಾಪ್ಯಾಸ್ಕಲ್. ಕೇಸಿನ ಒಳ ವ್ಯಾಸ 10 ಮಿ.ಮೀ. ಅಂತ ಹಿಡಿದರೆ ತಳದ ಮೇಲೆ 32 ಕಿಲೋನ್ಯೂಟನ್ ಮೀರುತ್ತದೆ. ಅಂದ್ರ ಮೂರು ಟನ್ನಿಗೂ ಹೆಚ್ಚು ಭಾರ, ಹೊಡೆಯುವವನ ಕಣ್ಣಿನಿಂದ ಒಂದು ಗೇಣು ದೂರದಾಗ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಎರಡು ಉಕ್ಕಿನ ತುಣುಕುಗಳ ಮೇಲೆ. ಜರ್ಮನಿಯ ಮೌಸರ್ 1898ರ ಮಾದರಿಯಲ್ಲಿ ಈ ಕಿವಿಗಳನ್ನು ಬೋಲ್ಟಿನ ಮುಂತುದಿಗೆ ಇಟ್ಟು, ಅವು ಮುರಿದರೂ ಇರಲಿ ಅಂತ ಹಿಂದೆ ಮೂರನೆಯದನ್ನೂ ಇಟ್ಟರು. ಇವತ್ತಿನ ಬಹುತೇಕ ಬೇಟೆ ರೈಫಲ್ಲುಗಳು ಆ ವಿನ್ಯಾಸದ ಮೊಮ್ಮಕ್ಕಳೇ. ಬ್ರಿಟಿಷರ ಲೀ-ಎನ್‌ಫೀಲ್ಡ್‌ನಲ್ಲಿ ಕಿವಿಗಳು ಹಿಂದೆ ಇರುತ್ತವೆ. ಅದರ ಹಿಡಿಯನ್ನು 60 ಡಿಗ್ರಿ ಎತ್ತಿದರೆ ಸಾಕು, ಮೌಸರಿನದಾದರೆ 90. ಹೀಗಾಗಿ ಎನ್‌ಫೀಲ್ಡ್ ಚುರುಕು. ಆದರೆ ಇಡೀ ಬೋಲ್ಟಿನ ಉದ್ದಕ್ಕೂ ಒತ್ತಡ ಹಾಯುವುದರಿಂದ ಅದು ಹೆಚ್ಚು ಬಾಗುತ್ತದೆ, ಬಹಳ ಜೋರಿನ ಕಾರ್ಟ್ರಿಜ್ಜಿಗೆ ತಕ್ಕದ್ದಲ್ಲ.

(ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದವರಿಗೆ ಒಂದು ಮಾತು: ಆಂಡರ್ಸನ್ನನ .405 ವಿಂಚೆಸ್ಟರ್ ಬೋಲ್ಟ್ ಅಲ್ಲ, ಲಿವರ್ ಆ್ಯಕ್ಷನ್. ಕಾರ್ಬೆಟ್ಟನ .275 ರಿಗ್ಬಿ ಮಾತ್ರ ಮೌಸರ್ ಬೋಲ್ಟಿನದು. ಈ ಬಗ್ಗೆ ರೂಮಿನ್ಯಾಗ ಒಂದು ರಾತ್ರಿ ಜಗಳವೇ ಆಗಿತ್ತು.)

ಇನ್ನು ಆಯ್ಕೆ. ಅಮೆರಿಕದವರು ವಾರ್ಮಿಂಟ್ ಅನ್ನುವುದು ಬೆಳೆಗೆ, ದನಕರುಗಳಿಗೆ ತೊಂದರೆ ಕೊಡುವ ಪ್ರಾಣಿಗಳಿಗೆ: ನೆಲದಾಗ ಬಿಲ ತೋಡುವ ಪ್ರೇರಿ ಡಾಗ್, ನರಿಯಂಥ ಕಾಯೋಟಿ. ಇವು ಸಣ್ಣ, ದೂರ ಇರುತ್ತವೆ, ದಿನಕ್ಕೆ ಹತ್ತಾರು ಗುಂಡು ಹಾರಿಸಬೇಕಾಗುತ್ತದೆ. ಅದಕ್ಕೆ ಹಗುರ, ಅತಿ ವೇಗದ ಗುಂಡು ಬೇಕು, ಬಿಸಿಯಾದರೂ ಬಾಗದ ದಪ್ಪ ಬ್ಯಾರೆಲ್ ಬೇಕು. ಜಿಂಕೆಗೆ ಇದರ ಉಲ್ಟಾ. ದಿನವೆಲ್ಲ ಹೆಗಲ ಮೇಲೆ ಹೊತ್ತು ತಿರುಗಿ ಹೊಡೆಯುವುದು ಒಂದೇ ಗುಂಡು. ಅದು ಆಳಕ್ಕೆ ಇಳಿದು ಪ್ರಾಣಿ ಒದ್ದಾಡದಂತೆ ತಕ್ಷಣ ಬೀಳಬೇಕು. ಹೀಗಾಗಿ ಭಾರದ ಗುಂಡು, ತೆಳು ಬ್ಯಾರೆಲ್. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿದ್ದರೆ, ಬಾಗುವಿಕೆಗೆ ತಡೆ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 16 ಮಿ.ಮೀ. ಬ್ಯಾರೆಲ್ಲನ್ನು 22 ಮಾಡಿದರೆ ಸುಮಾರು ಮೂರೂವರೆ ಪಟ್ಟು ಬಿಗಿ. ಆದರೆ ಹೊರಬೇಕಲ್ಲ! ಹಗುರ ಬೇಟೆ ರೈಫಲ್ 3ರಿಂದ 3.5 ಕಿಲೋ ಇದ್ದರೆ ದಪ್ಪ ಬ್ಯಾರೆಲ್ಲಿನದು ನಾಲ್ಕೂವರೆಗೆ ಹೋಗುತ್ತದೆ.

ಎರಡಕ್ಕೂ ಒಂದೇ ಅಂದರೆ ಎಲ್ಲೋ ನಡುವೆ ರಾಜಿ ಆಗಬೇಕು. ವಿಡಿಯೊದವ ಹೇಳಿದ ಉತ್ತರ .243 ವಿಂಚೆಸ್ಟರ್. ಲೆಕ್ಕ ನೋಡಿದರೆ ಅವ ಹೇಳಿದ್ದು ತಪ್ಪಲ್ಲ. 1955ರಲ್ಲಿ .308ರ ಕೇಸಿನ ಕುತ್ತಿಗೆ ಕಿರಿದು ಮಾಡಿ ಇದನ್ನು ತಂದರು. ಸುಮಾರು 3.6 ಗ್ರಾಮಿನ ಗುಂಡೂ ಹಾಕಬಹುದು, 6.5 ಗ್ರಾಮಿನದೂ ಹಾಕಬಹುದು. ಭಾರದ ಗುಂಡು ಸೆಕೆಂಡಿಗೆ 900 ಮೀಟರ್ ಅಂತ ಹಿಡಿದರೆ ಶಕ್ತಿ 2600 ಜೂಲ್ ದಾಟುತ್ತದೆ. ಬ್ಯಾರೆಲ್ಲಿನ ಒಳಗಿನ ಸುರುಳಿ ಗೆರೆ 10 ಇಂಚಿಗೆ ಒಂದು ಸುತ್ತು ಇದ್ದರೆ ಆ ಗುಂಡು ನಿಮಿಷಕ್ಕೆ 2 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತ ಹೋಗುತ್ತದೆ. ನಮ್ಮ ವರ್ಕ್‌ಶಾಪಿನ ಲೇಥನ್ನು ಅದರ ಮುಂದ ಹೇಳಬ್ಯಾಡ್ರಿ. ಇದಕ್ಕಿಂತ ಸಣ್ಣ .223 ಜಿಂಕೆಗೆ ಕಡಿಮೆ ಬೀಳುತ್ತದೆ, ಅಮೆರಿಕದ ಕೆಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಅದನ್ನು ಬಳಸುವಂತೆಯೇ ಇಲ್ಲ. ದೊಡ್ಡ ಗಂಡು ಹಂದಿ ಅಂದರೆ .308 ಬೇಕು. ಆದರೆ ಅದರ ಹೊಡೆತ ಹೆಗಲಿಗೂ ಸಿಗುತ್ತದೆ.

ಇಲ್ಲಿಗೆ ವಿಡಿಯೊ ಮುಗಿಯಿತು. ನಮ್ಮ ಕೆಲಸ ಮುಗಿಯಲಿಲ್ಲ, ಯಾಕಂದ್ರ ಹೊಲ ಇರೋದು ಕಮಲಾಪುರದಾಗ.

ಭಾರತದಲ್ಲಿ ಲೈಸೆನ್ಸಿನ ಬೋಲ್ಟ್ ರೈಫಲ್ ಅಂದರೆ ಬಹಳ ಕಾಲದಿಂದ .315 ಸ್ಪೋರ್ಟಿಂಗ್ ರೈಫಲ್. ಇದರ ಹಿಂದೆ ಒಂದು ಕತೆ ಇದೆ. ಸೈನ್ಯ ಬಳಸುತ್ತಿದ್ದ .303 ಜನರ ಕೈಗೆ ಹೋಗಬಾರದು ಅಂತ ಬ್ರಿಟಿಷ್ ಸರಕಾರದ ಕಟ್ಟು ಇತ್ತು. ಬೇರೆ ಅಳತೆಯ ಬಂದೂಕಾದರೆ ಕದ್ದ ಸೈನ್ಯದ ಗುಂಡು ಅದರಾಗ ಹೋಗುವುದೇ ಇಲ್ಲ. ಆಸ್ಟ್ರಿಯಾದ 8 ಮಿ.ಮೀ. ಮನ್ಲಿಕರ್ ಕಾರ್ಟ್ರಿಜ್ಜಿನಿಂದ ಬಂದದ್ದು ಈ .315. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಇದನ್ನು ಲೀ-ಎನ್‌ಫೀಲ್ಡ್ ಬೋಲ್ಟಿನ ಮೇಲೇ ಕಟ್ಟಿತು. 2021ರಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಆ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಕೆಳಗಿದೆ. ಭಾರದ, ನಿಧಾನದ ಗುಂಡು ಇದರದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, 900 ಮೀಟರ್ ವೇಗದ ಗುಂಡು 200 ಮೀಟರಿನಾಗ 24 ಸೆಂ.ಮೀ. ಇಳಿಯುತ್ತದೆ, 600 ವೇಗದ್ದಾದರೆ 54. ವಿಡಿಯೊದಲ್ಲಿ ನೋಡಿದಂಥ ಗುರಿ ಇದರಿಂದ ಆಗದು.

ಆದರೆ ಬೆಳೆ ಕಾಯಲಿಕ್ಕೆ ಕಾನೂನು ಹೇಳುವುದು ರೈಫಲ್ಲನ್ನೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ತೆಗೆದು ನೋಡ್ರಿ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದು ಅಂತ ಅಧಿಕಾರಿಗೆ ಅನಿಸಿದರೆ, 20 ಇಂಚಿಗೆ ಕಡಿಮೆ ಇಲ್ಲದ ನಯ ನಳಿಗೆಯ ಬೇರೆ ಬಂದೂಕು. ಒಳಗೆ ಸುರುಳಿ ಗೆರೆ ಇಲ್ಲದ್ದು. ಓದಿದಾಗ ಇದೇನು ಹಳೇ ಕಾಲದ ಮಾತು ಅನಿಸಿತ್ತು. ಭೌತಶಾಸ್ತ್ರ ನೋಡಿದ ಮೇಲೆ ಹಂಗನಿಸಲಿಲ್ಲ. ನಯ ನಳಿಗೆಯ ಚರ್ರೆ ಕೆಲವು ನೂರು ಮೀಟರಿನಾಗ ಬಲ ಕಳೆದುಕೊಂಡು ಬೀಳುತ್ತದೆ. ರೈಫಲ್ಲಿನ ಗುಂಡು ಮೇಲ್ಮುಖವಾಗಿ ತಪ್ಪಿ ಹೋದರೆ ನಾಲ್ಕು ಕಿಲೋಮೀಟರ್ ಹೋಗಬಲ್ಲದು. ನಮ್ಮದು ಕಣ್ಣು ಹರಿಯುವತನಕ ಬಯಲು, ಗುಂಡಿಗೆ ಅಡ್ಡ ನಿಲ್ಲುವ ಗುಡ್ಡ ಇಲ್ಲ. ನವೆಂಬರಿನ ತೊಗರಿ ಆಳೆತ್ತರ. ಆಚೆ ಸಾಲಿನಾಗ ಕಳೆ ತೆಗೆಯುವವರು, ರಾತ್ರಿ ಅಟ್ಟಣಿಗೆ ಮೇಲೆ ಮಲಗಿದವರು ಯಾರಿಗೂ ಕಾಣುವುದಿಲ್ಲ.

ಕೊಡಗಿನ ಗೆಳೆಯ ನಡುವೆ ಬಾಯಿ ಹಾಕಿದ: "ನಮ್ಮಲ್ಲಿ ಕೈಲ್‌ಪೊಳ್ದ್‌ಗೆ ಮನೆ ಮನೆಯಲ್ಲಿ ಕೋವಿ ಪೂಜೆ ಮಾಡ್ತೇವೆ, ಲೈಸೆನ್ಸ್ ಬೇಡ." ಖರೇ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯಿಂದ ವಿನಾಯಿತಿ ಇದೆ. ಅದು ಕೋವಿ ಇಟ್ಟುಕೊಳ್ಳಲಿಕ್ಕೆ, ಬೇಟೆಗೆ ಅಲ್ಲ.

ಯಾಕಂದ್ರ ಬೇಟೆಯ ಮಾತು ಇನ್ನೊಂದು ಕಾಯ್ದೆಯೊಳಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮಿನಿಂದ ಬೇಟೆ ನಿಷೇಧ. ನಾವು ಚಿಗರಿ ಅನ್ನುವ ಕೃಷ್ಣಮೃಗ (ಹುಬ್ಬಳ್ಳಿ-ಧಾರವಾಡದ ಬಸ್ಸಿಗೆ ಇಟ್ಟ ಹೆಸರೂ ಇದೇ) ಮೊದಲ ಷೆಡ್ಯೂಲಿನಾಗ ಇದೆ, ಹುಲಿಯ ಜತೆ. ಹೊಡೆದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ. ಎಷ್ಟೇ ಬೆಳೆ ತಿಂದರೂ ಅದಕ್ಕೆ ಪರವಾನಗಿ ಸಿಗುವುದಿಲ್ಲ. ಮನುಷ್ಯನ ಜೀವಕ್ಕೆ ಅಪಾಯ ಆದರೆ, ಇಲ್ಲಾ ಪ್ರಾಣಿ ವಾಸಿಯಾಗದ ಸ್ಥಿತಿಯಲ್ಲಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಚಿಗರಿ ಯಾರ ಮೇಲೆ ಹಾಯ್ದೀತು!

ಹಂದಿ ಎರಡನೇ ಷೆಡ್ಯೂಲಿನದು. ನಿಂತ ಬೆಳೆಗೆ ಹಾನಿ ಮಾಡಿದರೆ, ಕಾರಣ ಬರೆದು, ಪರಿಪಾಲಕರು ಇಲ್ಲವೇ ಅವರು ಅಧಿಕಾರ ಕೊಟ್ಟವರು ಲಿಖಿತ ಪರವಾನಗಿ ಕೊಡಲಿಕ್ಕೆ 11ನೇ ಕಲಮಿನಾಗ ದಾರಿ ಇದೆ. ಅಮೆರಿಕದ ವಾರ್ಮಿಂಟ್‌ಗೆ ಹತ್ತಿರದ ನಮ್ಮ ಮಾತು 62ನೇ ಕಲಮಿನ ವರ್ಮಿನ್. ಕೇಂದ್ರ ಸರಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಹಾಗೆ ಘೋಷಿಸಬಹುದು. 2015-16ರಲ್ಲಿ ಬಿಹಾರದಾಗ ನೀಲಗಾಯಿ, ಹಂದಿ, ಉತ್ತರಾಖಂಡದಾಗ ಹಂದಿಗೆ ಒಂದೊಂದು ವರ್ಷ ಹಾಗೆ ಮಾಡಿದ್ದರು. ಮೊದಲು ಕಾಗೆ, ಇಲಿಗಳಿಗೆ ಅಂತಲೇ ಒಂದು ವರ್ಮಿನ್ ಪಟ್ಟಿ ಇತ್ತು. 2022ರ ತಿದ್ದುಪಡಿ ಅದನ್ನು ತೆಗೆದುಹಾಕಿತು.

ಇದನ್ನೆಲ್ಲ ಜೂನಿಯರ್ ಫೋನಿನಾಗ ಮನೆಗೆ ಹೇಳಿದ. ಅವರಪ್ಪ ಸುಮ್ಮನೆ ಕೇಳಿ, "ಅಂದ್ರ ಚಿಗರಿ ಹೊಡಿಯಂಗಿಲ್ಲ, ಹಂದಿಗಿ ಕಾಗದ ಬೇಕು. ನೀವು ಇಷ್ಟು ಓದಿ ಆಗಬಾರದ್ದೇ ಹೇಳಿದ್ರೆಲ್ಲೋ ತಮ್ಮಾ. ಆಗೋದು ಏನದ?" ಅಂದರಂತೆ. ಆ ಮಾತು ನಮಗೆ ನಾಟಿತು. ಹೆಚ್ಚು ನಾಟಿದ್ದು ಅವರ ಇನ್ನೊಂದು ಮಾತು: ರಾತ್ರಿ ಪಂಪಿನ ಸ್ಟಾರ್ಟರಿನಿಂದ ತಂತಿ ಎಳೆದು ಹೊಲದ ಸುತ್ತ ಬಿಡು ಅಂತ ಯಾರೋ ಹೇಳಿಕೊಟ್ಟಿದ್ದಾರೆ.

ಅವತ್ತೇ ಎಲೆಕ್ಟ್ರಿಕಲ್‌ನ ಗೆಳೆಯರನ್ನು ಕರೆದುಕೊಂಡು ಹೋದೆವು. 230 ವೋಲ್ಟ್ ತಂತಿ ಬಿಡದೆ ಹಿಡಿಯುತ್ತದೆ, ಹಂದಿಗಿಂತ ಮೊದಲು ನೀರು ಬಿಡಲು ಬಂದವರನ್ನು ಕೊಲ್ಲುತ್ತದೆ. ಸೋಲಾರ್ ಬೇಲಿ ಬೇರೆ. ಅದರಾಗ ಸಾವಿರಾರು ವೋಲ್ಟ್ ಇದ್ದರೂ ಅದು ಸೆಕೆಂಡಿಗೆ ಸುಮಾರು ಒಂದು ಸಲ, ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಬರುವ ಬಡಿತ. ಶಕ್ತಿಗೆ ಮಿತಿ ಇರುತ್ತದೆ, ನಡುವೆ ಕೈ ಬಿಡಿಸಿಕೊಳ್ಳಲು ಸಮಯ ಸಿಗುತ್ತದೆ. ಹಂದಿಗೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿನೊಳಗೇ ಇರಬೇಕು. ಹುಲ್ಲು ತಾಗಿದರೆ ಕರೆಂಟು ಸೋರುತ್ತದೆ, ವಾರಕ್ಕೊಮ್ಮೆ ಕೊಯ್ಯಲೇಬೇಕು. ಈಗಾಗಲೇ ಹೋದ ಬೆಳೆಗೆ ಪಹಣಿ, ಫೋಟೋ ಇಟ್ಟು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆದುಕೊಟ್ಟೆವು.

ಆಮೇಲೆ ಖರ್ಚಿನ ಲೆಕ್ಕ. ಮೂರು ಎಕರೆ ಚೌಕ ಅಂತ ಹಿಡಿದರೆ ಒಂದು ಬದಿ 110 ಮೀಟರ್, ಸುತ್ತಳತೆ 440. ಐದು ಸಾಲಿಗೆ ಎರಡು ಕಿಲೋಮೀಟರ್ ಮೀರಿ ತಂತಿ. ಒಬ್ಬರಿಗೆ ಭಾರ. ಆದರೆ ಅಂಥ ನಾಲ್ಕು ಹೊಲ ಕೂಡಿಸಿದರೆ ಒಟ್ಟು ಸುತ್ತಳತೆ 880, ಬೇರೆ ಬೇರೆ ಹಾಕಿದರೆ 1760. ತಂತಿ ಅರ್ಧಕ್ಕೆ ಅರ್ಧ ಉಳಿತು, ಎನರ್ಜೈಸರ್ ಒಂದೇ ಸಾಕು. ಇದನ್ನು ಕಾಗದದ ಮೇಲೆ ಗೆರೆ ಹಾಕಿ ತೋರಿಸಿದಾಗ ಅವರಪ್ಪ ಮೊದಲ ಸಲ ಕನ್ನಡಕ ಹಾಕಿಕೊಂಡು ನೋಡಿದರು.

ಇಬ್ಬರು ನೆರೆಯವರು ಹೂಂ ಅಂದಿದ್ದಾರೆ. ಮೂರನೆಯವರಿಗೂ ಇವರಿಗೂ ಬದುವಿನ ಜಗಳ, ನಾಲ್ಕು ವರ್ಷದಿಂದ ಮಾತಿಲ್ಲ. ಬರುವ ಐತವಾರ ನಮ್ಮ ಜೂನಿಯರ್ ಅವರ ಮನೆಗೆ ಹೋಗುವವನಿದ್ದಾನೆ, ನಾವಿಬ್ಬರು ಜತೆಗೆ.